ಒಣಕುಂಚದ ಇಂಜಿನ್

ನಮ್ಮ ಅಡುಗೆಮನೆಯ ಲೋಟದಲ್ಲಿ ಚಮಚಗಳ ನಡುವೆ ಒಂದು ಸವೆದ ಕುಂಚವೂ ನಿಂತಿರುತ್ತಿತ್ತು ಎಂದರೆ ನೀವು ನಗಬಹುದು. ನನ್ನವರು ಗಡಹಿಂಗ್ಲಜದ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರರು. ರಟ್ಟು, ಕಟ್ಟಿಗೆಗಳಿಂದ ಪುಟ್ಟ ಪುಟ್ಟ ಮಾದರಿಗಳನ್ನು ಮಾಡುವ ಹುಚ್ಚು ಅವರಿಗೆ. ಅವರ ಮನೆಮಾತು ಮರಾಠಿ, ನಮ್ಮದು ಕನ್ನಡ, ಜಾತಿಯೂ ಬೇರೆ. ಅದಕ್ಕೇ ಜಯಸಿಂಗಪುರದ ನನ್ನಪ್ಪ ನಮ್ಮ ಮದುವೆಗೆ ಬಂದಿರಲಿಲ್ಲ. ಕಾಲಾಂತರದಲ್ಲಿ ನನ್ನೊಡನೆ ಮಾತು ಶುರುವಾದರೂ ಅಳಿಯನೊಡನೆ ಒಂದಕ್ಷರವನ್ನೂ ಆಡಿರಲಿಲ್ಲ.

ಅಪ್ಪ ಮಿರಜ–ಕೊಲ್ಹಾಪುರ ಹಳಿಯ ಮೇಲೆ ಉಗಿ ಇಂಜಿನ್ ಓಡಿಸಿದವರು. ನಿವೃತ್ತರಾದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಅವರ ಕಣ್ಣಿಗೆ ಪೊರೆ ಬಂತು. ಕೊಲ್ಹಾಪುರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಅವ್ವನಿಲ್ಲದ ಮನೆಗೆ ಹೇಗೆ ಕಳಿಸಲಿ ಎಂದು ನಾನು ಹಠ ಹಿಡಿದು ನಮ್ಮಲ್ಲಿಗೇ ಕರೆತಂದೆ. ಆ ದಿನಗಳಲ್ಲಿ ನನ್ನವರು ಅವರ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದರು. ಹೀಗೆ ಕೈಗಳಿಗೆ ಕೈಗಳ ಪರಿಚಯವಾಯಿತು, ಮಾತು ಮಾತ್ರ ಹೊಸ್ತಿಲಾಚೆಯೇ ಉಳಿಯಿತು.

ದಪ್ಪ ಗಾಜಿನ ಕನ್ನಡಕ ಬಂದ ದಿನ ನನ್ನವರು ತಾವು ಮಾಡಿದ ಒಂದು ಇಂಜಿನ್ನನ್ನು ಅಪ್ಪನ ಮುಂದಿಟ್ಟರು. ಸಾಸಿವೆ ಕಾಳುಗಳನ್ನು ಸಾಲಾಗಿ ಅಂಟಿಸಿ, ತಗಡು ಬೆಸೆಯುವ ರಿವೆಟ್ ಮೊಳೆಗಳನ್ನು ಮಾಡಿದ್ದರು. ಮೇಲೆಲ್ಲ ಕಪ್ಪು ಬಣ್ಣ. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಎದುರಿಗಿದ್ದ ಅಳಿಯನನ್ನು ಬಿಟ್ಟು ನನ್ನತ್ತ ತಿರುಗಿದರು.

"ರಿವಿಟ್ ಎಲ್ಲಿ ಅದಾವು, ಕೇಳವಾ. ಇದು ಬರೇ ಇದ್ದಲಿ ತುಂಡಿನಂಗ ಕಾಣತೈತಿ."

ನನಗೆ ಅಳುವೇ ಬಂತು. ಇವರು ಮಾತ್ರ ಎದ್ದು ಹೋಗಿ, ಅಡುಗೆಮನೆಯ ಲೋಟದಲ್ಲಿದ್ದ ಆ ಕುಂಚವನ್ನೂ ಬೆಳ್ಳಿಬಣ್ಣವನ್ನೂ ತಂದು ಅಪ್ಪನ ಪಕ್ಕದಲ್ಲೇ ಕುಳಿತರು. ಕುಂಚವನ್ನು ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒರೆಸತೊಡಗಿದರು, ಗುರುತೂ ಬೀಳದಷ್ಟು ಒಣಗುವವರೆಗೆ. ಅಪ್ಪನಿಗೆ ತಡೆಯಲಾಗಲಿಲ್ಲ.

"ಎಲ್ಲಾ ಒರಸಿ ಬಿಟ್ರ ಹಚ್ಚಾಕ ಏನ್ರಿ ಉಳೀತು?"

ಅದು ನನಗೆ ಹೇಳಿದ್ದಲ್ಲ. ನನ್ನವರು ತಲೆಯೆತ್ತದೆ ತಮ್ಮ ತೊದಲು ಕನ್ನಡದಲ್ಲಿ ಅಂದರು: "ಉಳದಷ್ಟ ಸಾಕ್ರಿ, ಮಾಮಾ."

ಒಣಕುಂಚ ಹಗುರವಾಗಿ ಸವರಿದಂತೆ ಉಬ್ಬಿದ್ದೆಲ್ಲ ಬೆಳಗತೊಡಗಿತು: ರಿವೆಟ್ಟುಗಳು, ಬಾಯ್ಲರಿನ ಪಟ್ಟಿಗಳು, ಮೆಟ್ಟಿಲಿನ ಅಂಚು. ತಗ್ಗುಗಳು ಕಪ್ಪಾಗಿಯೇ ಉಳಿದವು. ಬಣ್ಣ ತುಂಬಿದ ಕುಂಚವಾಗಿದ್ದರೆ ತಗ್ಗು ದಿಣ್ಣೆಗಳನ್ನೆಲ್ಲ ಒಂದೇ ಸಮ ಮುಚ್ಚಿಬಿಡುತ್ತಿತ್ತು. ಅಕ್ಕರೆಯೂ ಹೀಗೆಯೇ ಅಲ್ಲವೇ, ಗೆಳೆಯರೇ? ಅಷ್ಟು ವರ್ಷ ನಾನು ಅಪ್ಪನೆದುರು ಸುರಿದ ವಾದ, ಅಳು, ವಿನಂತಿಗಳೆಲ್ಲ ದಟ್ಟ ಬಣ್ಣವೇ. ಇವರು ಏನನ್ನೂ ಕೇಳದೆ, ತಾಗಿಯೂ ತಾಗದಂತೆ ತಾಗಿದ್ದರು.

ಅಪ್ಪ ಇಂಜಿನ್ನಿನ ಬಾಗಿಲ ಪಕ್ಕದ ಹಿಡಿಕೆಯನ್ನು ಬೆರಳಿಟ್ಟು ತೋರಿಸಿದರು.

"ಇಲ್ಲಿ ಇನ್ನೊಂಚೂರು ಹಚ್ರಿ. ದಿನಾ ಇದನ್ನ ಹಿಡದ ಹತ್ತತಿದ್ನಿ. ನನ್ನ ಕೈ ತಾಗಿ ತಾಗಿ ಭಾಳ ಹೊಳೀತಿತ್ತು."

ಹಾಗೆನ್ನುತ್ತಲೇ ಇವರ ಮಣಿಕಟ್ಟು ಹಿಡಿದು ಕುಂಚವನ್ನು ಅಲ್ಲಿಗೆ ಒಯ್ದರು. ಹಿಡಿಕೆ ಬೆಳಗಿತು. ಅಪ್ಪ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ನೋಡಿದರು.

"ಅಳ್ಯಾರ," ಎಂದರು, ಮೊದಲ ಬಾರಿಗೆ, "ಒಂದ್ ಡಬ್ಬೀನೂ ಮಾಡ್ರಿ. ಇಂಜಿನ್ ಒಂದ ಎಲ್ಲಿಗೆ ಹೋಗತೈತಿ?"

ಡಬ್ಬಿ ಮುಗಿಯುವವರೆಗೆ ಅಪ್ಪ ಜಯಸಿಂಗಪುರಕ್ಕೆ ಮರಳುವ ಮಾತೆತ್ತಲಿಲ್ಲ. ನನ್ನವರೂ ಅದನ್ನು ಬೇಕೆಂದೇ ಬಹಳ ನಿಧಾನವಾಗಿ ಮಾಡಿದರು.