ದೊಡ್ಡವ್ವ ಕಲಿಸಿದ ಬೇಟೆ

ಮೊನ್ನೆ ಕೊಟ್ಟೂರಿನಲ್ಲಿ ಕಂಬಳಿ ಕೊಳ್ಳಲು ನಿಂತಿದ್ದೆ. ಮಾರುವವ ಒಂದನ್ನು ಕೊಡವಿ ಹರಡಿದ. ಕುರಿ ಉಣ್ಣೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮನಸ್ಸು ಅರಸೀಕೆರೆಯ ಒಂದು ಹೊಲಕ್ಕೆ ಹಾರಿತು. ನಾನೂ ಬೇಟೆ ಕಲಿತವಳು ಎಂದರೆ ನೀವು ನಗುತ್ತೀರಿ. ಹಲ್ಲಿ ಕಂಡರೆ ಮಂಚ ಹತ್ತುವವಳು ನಾನು. ನಗಿ, ಆದರೆ ಪೂರ್ತಿ ಕೇಳಿ.

ಶಾಲೆಯಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಅರಸೀಕೆರೆಯ ದೊಡ್ಡವ್ವನ ಮನೆಯಲ್ಲಿದ್ದೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಎತ್ತರದ ಹೆಂಗಸು, ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು. ಕಾನೂನು ಬಿಗಿಯಾಗುವ ಮೊದಲು ಅವಳ ಅಪ್ಪ ಬಂದೂಕು ಹಿಡಿದು ಚಿಗರಿ, ಅಂದರೆ ಕೃಷ್ಣಮೃಗದ ಬೇಟೆಗೆ ಹೋಗುತ್ತಿದ್ದನಂತೆ. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಜೊತೆಗೆ ಹಿರಿಮಗಳಾದ ದೊಡ್ಡವ್ವ. ಅಜ್ಜನ ಬಂದೂಕು ಎಂದೋ ಹೋಯಿತು. ಆದರೆ ದೊಡ್ಡವ್ವ ಹಟ್ಟಿಯಲ್ಲಿ ನಡೆದರೆ ಮಲಗಿದ ಬೆಕ್ಕು ಕಿವಿ ಸಹ ಅಲ್ಲಾಡಿಸುತ್ತಿರಲಿಲ್ಲ.

ಆ ವರ್ಷ ನಮ್ಮ ಹುರುಳಿ ಹೊಲದ ಕಡೆ ಬರುತ್ತಿದ್ದ ಚಿಗರಿ ಹಿಂಡಿನಲ್ಲಿ ಒಂದು ದೊಡ್ಡ ಗಂಡಿತ್ತು. ಯಾರದೋ ಬೇಲಿಗೆ ಕಟ್ಟಿದ ಪ್ಲಾಸ್ಟಿಕ್ ಬಲೆ ಅದರ ಕೊಂಬಿಗೆ ಸಿಕ್ಕಿ, ಹರಿದು, ಮೂತಿಗೆ ಸುತ್ತಿಕೊಂಡಿತ್ತು. ಬಾಯಿ ಸರಿಯಾಗಿ ತೆರೆಯಲಾಗದೆ ಪಕ್ಕೆಲುಬು ಕಾಣುವಷ್ಟು ಸೊರಗಿತ್ತು. ಸುದ್ದಿ ತಿಳಿದು ಅರಣ್ಯ ಇಲಾಖೆಯ ಗಾರ್ಡ್ ಬಂದ. ಹಿಡಿಯಲು ಹೋದರೆ ಅದು ಅಂಥ ಸ್ಥಿತಿಯಲ್ಲೂ ಹಾರಿ ಓಡಿತು.

“ಅಟ್ಟಬ್ಯಾಡ್ರಿ ಅದನ್ನ,” ಎಂದಳು ದೊಡ್ಡವ್ವ. “ಹೆದರಿಕಿಗೇ ಎದಿ ಒಡಕೊಂಡು ಸಾಯ್ತೈತಿ.”

“ದನದ ಡಾಕ್ಟ್ರು ಬರೂದು ತಡ ಐತಿ. ಮತ್ತೇನು ಮಾಡೂದು ಯವ್ವಾ?” ಎಂದ ಗಾರ್ಡ್.

“ಬ್ಯಾಟಿ ಆಡೂನು.”

ಗಾರ್ಡ್ ನಕ್ಕ. ದೊಡ್ಡವ್ವ ನಗದೆ, ಸದ್ದಿಲ್ಲದೆ ಹತ್ತಿರ ಹೋಗಿ ಬಲೆ ಕತ್ತರಿಸುವುದೆಂದು ಬಿಡಿಸಿ ಹೇಳಿದಳು. ಕೊನೆಗೆ, ತಾನೂ ಜೊತೆಗಿದ್ದರೆ ಮಾತ್ರ ಎಂದು ಒಪ್ಪಿದ. ಇನ್ನೊಬ್ಬರು ಬೇಕಿತ್ತು. ಮನೆಯ ದೊಡ್ಡವರಲ್ಲಿ ಎಲ್ಲರಿಗಿಂತ ಹಗುರ ನಾನೇ.

ಮರುದಿನ ಹೊತ್ತು ಮೂಡುವಾಗ ಸಿದ್ಧಳಾಗಿ ಬಂದೆ. ದೊಡ್ಡವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮಲ್ಲಿಗಿ ಮುಡ್ಕೊಂಡು ಬ್ಯಾಟಿಗೆ ಬಂದೀಯೇನವ್ವಾ?”

ಹೂವು ಹೋಯಿತು, ಬಳೆ ಹೋದವು, ಕಾಲ್ಗೆಜ್ಜೆ ಹೋಯಿತು. ಸೋಪಿನ ವಾಸನೆ ಹೋಗಲೆಂದು ಕೈಗೆ ಮಣ್ಣು ತಿಕ್ಕಿದಳು. ಚಿಟಿಕೆ ಧೂಳು ಬಿಟ್ಟು ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸಿದಳು. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ ಬರಬೇಕು. ಹಿಂಡು ತಲೆ ತಗ್ಗಿಸಿದಾಗ ಮುಂದೆ ಸರಿಯಬೇಕು, ಒಂದು ತಲೆ ಎತ್ತಿದರೂ ಕಲ್ಲಾಗಬೇಕು. “ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ನೋಡಿದ್ದು ಗೊತ್ತಾಗ್ತೈತಿ ಅವಕ್ಕ.”

ಎಲ್ಲ ಕಲಿತೆ ಎಂದುಕೊಂಡೆ. ಅಷ್ಟರಲ್ಲಿ ಮೊಣಕಾಲಿಗೆ ಜಾಲಿ ಮುಳ್ಳು ನಾಟಿತು, “ಅವ್ವಾ” ಎಂದೆ. ಹಿಂಡು ಎರಚಿದ ನೀರಿನ ಹಾಗೆ ಚದುರಿತು. ಬೈಗುಳಕ್ಕೆ ಕಾದೆ. ದೊಡ್ಡವ್ವ ಮುಳ್ಳು ಕಿತ್ತು, “ಚುಚ್ಚಿದ್ರ ಯಾರಾದ್ರೂ ಒದರ್ತಾರ. ನಾಳಿ ಬರೂನು,” ಎಂದಳಷ್ಟೆ.

ಹೀಗೆ ಕೆಲವು ಮುಂಜಾನೆಗಳು ಕಳೆದವು. ಒಂದು ದಿನ ಹಿಂಡು ಮುಂದೆ ಹೋಗಿತ್ತು, ಗಂಡು ಹಿಂದೆ ಉಳಿದಿತ್ತು. ಜೋತುಬಿದ್ದ ಬಲೆಯ ತುದಿ ಪೊದೆಗೆ ಸಿಕ್ಕಿಕೊಂಡಿತ್ತು, ಎಳೆದು ಎಳೆದು ಸೋತು ಅದು ಮಲಗಿತ್ತು. ಗಾರ್ಡ್ ಬದುವಿನ ಹಿಂದೆ ನಿಂತ. ನಾವಿಬ್ಬರೂ ತೆವಳಿದೆವು. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಹತ್ತಿರವಾದೊಡನೆ ದೊಡ್ಡವ್ವ ಹೆಗಲ ಮೇಲಿನ ಕಂಬಳಿಯನ್ನು ಅದರ ಮುಖಕ್ಕೆ ಎಸೆದು, ಕೊಂಬುಗಳ ಬುಡವನ್ನು ಎರಡೂ ಕೈಯಲ್ಲಿ ಅಮುಕಿದಳು. ಒಂದು ಕೊಂಬಿನ ತುದಿ ಅವಳ ಎದೆಗೆ ತಾಕುವಂತಿತ್ತು. ಗಾರ್ಡ್ ಓಡಿಬಂದು ಹಿಂಗಾಲು ಹಿಡಿದ. ಕಣ್ಣಿಗೆ ಕತ್ತಲಾದಂತೆ ಅದರ ಒದ್ದಾಟ ಕಡಿಮೆಯಾಯಿತು.

“ಕತ್ತರಿಸು,” ಎಂದಳು ಪಿಸುದನಿಯಲ್ಲಿ. ಒಂದು ಕೈಯಲ್ಲಿ ಕತ್ತರಿ ಹಿಡಿದೆ. ಇನ್ನೊಂದು ಅಂಗೈಯ ಕೆಳಗೆ ಆ ಪ್ರಾಣಿಯ ಎದೆ ಡವಡವ ಬಡಿಯುತ್ತಿತ್ತು. ಒಂದೊಂದೇ ಎಳೆ ಕತ್ತರಿಸಿದೆ. ಮೂತಿಯ ಚರ್ಮ ಹಸಿಯಾಗಿ ಸುಲಿದಿತ್ತು. ಕಡೆಯ ಎಳೆ ಬಿದ್ದಮೇಲೆ ನಾವು ಹಿಂದೆ ಸರಿದೆವು, ದೊಡ್ಡವ್ವ ಕಂಬಳಿ ಎಳೆದುಕೊಂಡಳು.

ಅದು ಎದ್ದಿತು, ಮುಗ್ಗರಿಸಿತು. ಓಡಿಹೋಗುತ್ತದೆಂದು ನೋಡುತ್ತಿದ್ದರೆ, ಸ್ವಲ್ಪ ದೂರ ಹೋಗಿ ನಮ್ಮದೇ ಹುರುಳಿಗೆ ಬಾಯಿ ಹಾಕಿತು. ಗಾರ್ಡ್ ಕಣ್ಣೊರೆಸಿಕೊಳ್ಳುತ್ತ ನಕ್ಕ.

ದೊಡ್ಡವ್ವ ಮಾತ್ರ ಬದುವಿನ ಮೇಲೆ ಕುಸಿದು ಕೂತಳು. ಕಂಬಳಿ ಮಡಚುತ್ತ ಹೇಳಿದಳು: “ಅಪ್ಪನ ಸಂಗಾಟ ಎಷ್ಟೋ ಸಲ ಇಷ್ಟು ಹತ್ರ ಹೋಗೇನಿ. ಎದ್ದು ಹೋಗಿದ್ದನ್ನ ಇವತ್ತ ನೋಡಿದ್ದು.”

ಮೊನ್ನೆ ಕೊಟ್ಟೂರಿನಿಂದ ಊರಿಗೆ ಮರಳಿದವಳೇ ಅವಳಿಗೆ ಫೋನು ಮಾಡಿದೆ. ಎತ್ತಿದ ಕೂಡಲೇ ಚಿಗರಿಗಳ ಮೇಲಿನ ದೂರು ಶುರುವಾಯಿತು. ಈ ಸಲವೂ ಅರ್ಧ ಬೆಳೆ ಮೇದವಂತೆ.

“ನಮ್ಮದು ಇನ್ನೂ ಬರ್ತೈತೇನು ದೊಡ್ಡವ್ವ?” ಎಂದು ಕೇಳಿದೆ.

“ಯಾವುದಂತ ಹೇಳ್ಲಿ? ಎಲ್ಲಾ ಒಂದಾ ಥರ ಕಾಣ್ತಾವ,” ಎಂದಳು. “ಅದಕ್ಕ ಯಾವುದಕ್ಕೂ ಕಲ್ಲು ಒಗಿಯಾಕ ಕೈ ಬರವಲ್ದು.”

ಭಾನುವಾರ ಬರುತ್ತೇನೆಂದು ಹೇಳಿದೆ. ಹೊತ್ತು ಮೂಡುವ ಮೊದಲೇ ಬಾ ಎಂದಳು.