ತಾಳೆಗರಿ ಮೇಲಿನ ಕುಂಕುಮ

ಇದನ್ನ ಯಾರಿಗೂ ಹೇಳ್ಬೇಡ ಅಂದಿದ್ರು. ಈಗ ಅವರ ಕೆಲಸವೇ ಹೋಗಿದೆ, ಅದಕ್ಕೇ ಹೇಳ್ತಿದ್ದೀನಿ.

ಪಟ್ಟಂದೂರು ಅಗ್ರಹಾರದಲ್ಲಿ, ಟೆಕ್ ಪಾರ್ಕ್ ಹಿಂದೆ, ಹಳೇ ಪುಸ್ತಕ, ತಾಳೆಗರಿ ಇಟ್ಟಿರೋ ಚಿಕ್ಕ ಮ್ಯೂಸಿಯಂ ಇದೆ. ಅಲ್ಲಿ ಯಾರೂ ನನ್ನನ್ನ ಮಾತಾಡಿಸಲ್ಲ ಅಂತ ರಜೆ ಬಂದಾಗೆಲ್ಲಾ ಹೋಗ್ತಿದ್ದೆ. ಸರಸ್ವತಿ ಪೂಜೆ ದಿನ ಆ ಊರಿನ ಅಜ್ಜಿಯೊಬ್ರು ಕುಂಕುಮದ ಭರಣಿ ಹಿಡ್ಕೊಂಡು ಬಂದ್ರು. ಅಲ್ಲಿದ್ದ ಒಂದು ತಾಳೆಗರಿ ಕಟ್ಟು ಅವರ ಮನೆಯವರೇ ಕೊಟ್ಟಿದ್ದಂತೆ.

"ಮುಟ್ಟೋ ಹಾಗಿಲ್ಲ ಅಜ್ಜಿ, ಹಾಳಾಗತ್ತೆ" ಅಂದ್ರು ಮ್ಯೂಸಿಯಂ ನೋಡ್ಕೊಳ್ತಿದ್ದ ಲೈಬ್ರರಿ ಮೇಡಂ.

"ನಮ್ಮತ್ತೆ ವರ್ಸಾ ವರ್ಸಾ ಪೂಜೆ ಮಾಡೋರು ಕಣವ್ವಾ, ಆಗ ಆಳಾಗ್ಲಿಲ್ಲ. ನೀವು ಗಾಜಿನ ಪೆಟ್ಟಿಗೇಲಿ ಎಣದಂಗೆ ಮಲಗ್ಸಿದ್ದೀರಲ್ಲ."

ಮೇಡಂ ಪೆಟ್ಟಿಗೆ ಬೀಗ ತೆಗೆದ್ರು. ಕಟ್ಟಿನ ಮೇಲಿದ್ದ ಮರದ ಹಲಗೆಗೆ ಅಜ್ಜಿ ಇಟ್ಟ ಕುಂಕುಮ ಉದುರಿ ಗರಿ ಮೇಲೂ ಬಿತ್ತು. ಮೇಡಂ ಬ್ರಷ್‌ನಲ್ಲಿ ಎಷ್ಟು ಒರೆಸಿದ್ರೂ ಕೆಂಪು ಹೋಗಲಿಲ್ಲ. ತಲೆ ಎತ್ತಿದಾಗ ಕಂಡಿದ್ದು ನಾನು. "ಯಾರಿಗೂ ಹೇಳ್ಬೇಡ" ಅಂದ್ರು.

ಆಮೇಲೆ ಮ್ಯೂಸಿಯಂ ನಡೆಸೋ ಟ್ರಸ್ಟಿನವರೇ ಆ ಕಲೆ ನೋಡಿ ಅವರನ್ನ ಕೆಲಸದಿಂದ ತೆಗೆದ್ರು. ಆದ್ರೆ ನಾನೇ ಹೇಳ್ಬಿಟ್ಟೆ ಅಂತ ಮೇಡಂ ಅಂದ್ಕೊಂಡಿದ್ದಾರಂತೆ, ವಾಚ್‌ಮನ್ ಅಂಕಲ್ ಹೇಳಿದ್ರು. ಕ್ಲಾಸಲ್ಲಿ ಹಾಜರಿ ಕೂಗಿದ್ರೂ ಬಾಯಿ ಬಿಡದೋಳು ನಾನು.

ನಿನ್ನೆ ಕಾಡುಗೋಡಿಯಲ್ಲಿ ಅವರ ಮನೆ ಹುಡುಕ್ಕೊಂಡು ಹೋದೆ. "ಮೇಡಂ, ನಾನಲ್ಲ ಹೇಳಿದ್ದು" ಅಂತ ಮುಚ್ಚಿದ ಬಾಗಿಲಿಗೆ ಹೇಳ್ದೆ. ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಒಳಗೆ ಕುಕ್ಕರ್ ಕೂಗ್ತು, ಯಾರೋ ಬಂದು ಸ್ಟವ್ ಆಫ್ ಮಾಡಿದ್ರು. ಬಾಗಿಲು ಮಾತ್ರ ತೆಗೀಲಿಲ್ಲ.