ಶಾಂತಮ್ಮನ ಅರಿಶಿನದ ಬಟ್ಟೆ

ಶಾಂತಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳಿಗೂ ಅಷ್ಟೇ. ಭದ್ರಾವತಿಯ ಮಾಂಸದಂಗಡಿಗಳಿಂದ ಮಾಂಸದ ಚೂರು ತಂದು, ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಹಳೇ ನಗರದ ಅವಳ ಕುರಿ ಮಾಂಸದಂಗಡಿಯ ವರದಿ ಎರಡು ಸಲ ಕೆಟ್ಟು ಬಂದಿತ್ತು. ಮೂರನೆಯದೂ ಕೆಟ್ಟರೆ ಲೈಸೆನ್ಸ್ ರದ್ದು ಎಂದು ನೋಟಿಸ್ ಹೋಗಿತ್ತು.

"ನಿನ್ನ ಡಬ್ಬಿಲೇ ಹುಳ ಇರ್ಬೇಕು ಮಾರಾಯ್ತಿ, ಮೊದ್ಲು ಅದನ್ನ ತೊಳ್ಕೊಂಡ್ ಬಾ!" ಎಂದು ಗಿರಾಕಿಗಳ ಮುಂದೆಯೇ ಕೂಗಿದಳು. ಅವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅವಳ ಸೊಕ್ಕಿಗೆ ಕಾರಣವಿತ್ತು, ಅದನ್ನೂ ಹೇಳಬೇಕು. ಗಂಡ ಸಿದ್ದಯ್ಯ ಸತ್ತು ತಿಂಗಳಾಗುವ ಮೊದಲೇ ಕತ್ತಿ ಹಿಡಿದವಳು. ಹೆಂಗಸು ಮಾಂಸ ಕಡಿಯುವುದೇ ಎಂದು ಆಡಿಕೊಂಡವರೇ ವರ್ಷದೊಳಗೆ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಅವಳ ಮುಂದೆ ಸಾಲು ನಿಂತರು. ಹದಿನೆಂಟು ವರ್ಷ ಅಂಗಡಿಯಲ್ಲಿ ಒಂದು ನೊಣವನ್ನೂ ಕೂರಲು ಬಿಟ್ಟವಳಲ್ಲ. ಮಾಂಸ ಕಡಿಯುವ ಕೊರಡಿಗೆ ದಿನಾ ಉಪ್ಪು ಹಾಕಿ ಉಜ್ಜುವಳು, ಕತ್ತಿಗೆ ಕುದಿಯುವ ನೀರು. ಇದೆಲ್ಲ ಅವಳದೇ ಪದ್ಧತಿ. ಸಿದ್ದಯ್ಯನದು ಒಂದೇ: ಅರಿಶಿನದ ನೀರಿನ ಬಕೆಟ್ಟಿನಲ್ಲಿ ಸದಾ ಒಂದು ಬಟ್ಟೆ. ಒಬ್ಬೊಬ್ಬರಿಗೆ ಕಡಿದುಕೊಟ್ಟ ಮೇಲೂ ಅದರಿಂದ ಕೊರಡು ಒರೆಸುವಳು.

ಹುಳ ಎಲ್ಲಿದೆ ಎಂದು ತೋರಿಸಿಯೇ ಬಿಡುತ್ತೇನೆ ಎಂಬ ಹಟಕ್ಕೆ, ಮೂರನೇ ಪರೀಕ್ಷೆಗೆ ಮುಂಚೆ ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋದೆ. ಕೊರಡು, ಕತ್ತಿ, ಅವಳ ಕೈ, ಎಲ್ಲವನ್ನೂ ಹತ್ತಿಯ ಕಡ್ಡಿಯಿಂದ ಒರೆಸಿ ಸೀಸೆಗಳಿಗೆ ಹಾಕಿಕೊಂಡೆ. ಬಟ್ಟೆ ಮುಟ್ಟಿದಾಗ ಕೈ ತಳ್ಳಿದಳು.

"ಅರಿಶಿನ ಕಣೇ ಅದು! ಅರಿಶಿನದಲ್ಲೂ ಹುಳ ಹುಡುಕ್ತೀಯಾ?"

"ಬಿಡದಿದ್ರೆ ಬಿಡ್ಲಿಲ್ಲ ಅಂತ್ಲೇ ಬರೀತೀನಿ," ಎಂದೆ. ಹಲ್ಲು ಕಡಿಯುತ್ತ ಬಿಟ್ಟಳು.

ಮೂರು ದಿನಕ್ಕೆ ಫಲಿತಾಂಶ ಬಂತು. ಕೊರಡು, ಕತ್ತಿ, ಕೈ ಎಲ್ಲ ಚೊಕ್ಕ. ಬಟ್ಟೆಯಲ್ಲಿ ಮಾತ್ರ ಎಣಿಸಲಾಗದಷ್ಟು ಬ್ಯಾಕ್ಟೀರಿಯಾ. ಬೆಳಿಗ್ಗೆ ಚೊಕ್ಕವಿದ್ದ ಕೊರಡಿಗೆ ಒರೆಸಿದಾಗಲೆಲ್ಲ ಅದೇ ಹತ್ತಿ, ಅಲ್ಲಿಂದ ಮಾಂಸಕ್ಕೆ ಹೋಗುತ್ತಿತ್ತು. ದಿನಗಟ್ಟಲೆ ಒಣಗದ ಬಟ್ಟೆಗೆ ಅರಿಶಿನ ಏನು ಮಾಡೀತು? ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಂದೇ ಬಸ್ಸು ಹತ್ತಿ ಹೋಗಿ ಕಾಗದವನ್ನು ಅವಳ ಕೈಗಿಟ್ಟೆ.

ಎರಡು ಸಲ ಓದಿದಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಬಕೆಟ್ಟಿನಿಂದ ಬಟ್ಟೆ ತೆಗೆದು ಹಿಂಡಿ, ಕುರಿಯ ತಲೆ ಸುಡುವ ಒಲೆಗೆ ಹಾಕಿದಳು. ಹಸಿ ಬಟ್ಟೆ ತುಂಬಾ ಹೊತ್ತು ಹೊಗೆಯಾಡಿತು.

"ಅವ್ರು ಮಾಡ್ತಿದ್ದಂಗೆ ನಾನು ಮಾಡ್ತಿದ್ದಿದ್ದು ಇದೊಂದೇ," ಎಂದಳು.

ನಾನು ಬಸ್ಸಿಗೆ ಹೊರಟೆ.

ಮೂರನೇ ಪರೀಕ್ಷೆಯಲ್ಲಿ ಮಾಂಸ ಶುದ್ಧವಾಗಿತ್ತು. ವರದಿ ಕೊಡಲು ನಾನೇ ಹೋದೆ.

"ಲೈಸೆನ್ಸ್ ಉಳೀತು, ಶಾಂತಮ್ಮ."

"ಉಳೀತು," ಎಂದಳು, ಕಡಿಯುವುದನ್ನು ನಿಲ್ಲಿಸದೆ. "ಮುಂದಿನ್ಸಲ ಬೇರೆ ಯಾರನ್ನಾದ್ರೂ ಕಳ್ಸು. ನೀನು ಬರ್ಬೇಡ."